ಕಾದ ಇಂಜಿನ್ನಿಗೆ ಅರಿಶಿನದ ನೀರು

“ಕಲ್ಲು ದಾಟಬ್ಯಾಡ ಅಂತ ಬಡ್ಕಂತಿಲ್ವಾ? ಅಲ್ಲೇ ನಿಲ್ಸೇ ಮುಂಡೆ, ಅಲ್ಲೇ!”

ಅಮ್ಮಾಜಮ್ಮ ಗೇಟಿನ ಒಳಗೆ ನಿಂತಿದ್ದಳು. ಸೊಂಟದ ಮೇಲೆ ಬಿಂದಿಗೆ. ಗೇಟಿನ ಹೊರಗೆ ಹೂತಿದ್ದ ಕಲ್ಲಿಗೆ ವೀಡರಿನ ಗಾಲಿ ತಗುಲಿ ನಿಂತಿತ್ತು, ದಾಟಿರಲಿಲ್ಲ. ತನುಜ ಸ್ವಿಚ್ಚು ಒತ್ತಿ ಇಂಜಿನ್ ಆರಿಸಿದಳು. ದಿನವೆಲ್ಲ ಹಿಪ್ಪುನೇರಳೆ ಸೊಪ್ಪಿನ ತೋಟದ ಸಾಲುಗಳಲ್ಲಿ ಕಳೆ ಕಿತ್ತು, ಮಣ್ಣು ಮಗುಚಿ ಬಂದ ಯಂತ್ರ. ಸೈಲೆನ್ಸರಿನ ಸುತ್ತ ಗಾಳಿ ನಡುಗುತ್ತಿತ್ತು.

“ಬೆಳಿಗ್ಗೆಯಿಂದ ಓಡೈತೆ ಅಮ್ಮೋರೆ. ಸುಡ್ತಾ ಐತೆ. ಒಸಿ ಆರ್ಲಿ, ಆಮೇಲೆ ಹುಯ್ಕಳಿ.”

“ಆರೋಗಂಟ ನಿನ್ ಮಖ ನೋಡ್ಕಂಡು ನಿಂತ್ಕಳ್ಳಾ? ಸರಿಯೇ ಆ ಕಡೆ.”

ಬಿಂದಿಗೆ ಬಗ್ಗಿತು. ಅರಿಶಿನ ಕದಡಿದ ನೀರು ಹಿಡಿಗಳ ಮೇಲೆ ಬಿತ್ತು, ಪೆಟ್ರೋಲ್ ಟ್ಯಾಂಕಿನ ಮೇಲೆ ಬಿತ್ತು, ಕೊನೆಗೆ ಇಂಜಿನ್ನಿನ ರೆಕ್ಕೆಗಳ ಮೇಲೆ. ಚುರ್ರೆಂದು ಎದ್ದ ಹಬೆ ತನುಜಳ ಮುಖಕ್ಕೆ ಹೊಡೆಯಿತು. ಒಳಗೆಲ್ಲೋ ಟಿಣ್ ಎಂಬ ಸಣ್ಣ ಸದ್ದು. ಬಿಸಿ ಬಾಣಲೆಗೆ ತಣ್ಣೀರು ಸುರಿದರೆ ಬರುವಂಥದ್ದು.

ಆ ಇಂಜಿನ್ನಿಗೆ ನೀರಿನ ಕೆಲಸವೇ ಇಲ್ಲ. ಕಬ್ಬಿಣದ ಸುತ್ತ ಒತ್ತೊತ್ತಾಗಿ ಹೊರಟ ಆ ರೆಕ್ಕೆಗಳ ಸಂದಿಯಲ್ಲಿ ಗಾಳಿ ಹಾಯುತ್ತದೆ, ಗಾಳಿಯೇ ಅದನ್ನು ತಣ್ಣಗೆ ಮಾಡುತ್ತದೆ. ಸಂದಿಗೆ ಮಣ್ಣೋ ಸೊಪ್ಪಿನ ತೊಟ್ಟೋ ಸಿಕ್ಕಿಕೊಂಡರೆ ಒಳಗೇ ಬೇಯುತ್ತದೆ. ಅದಕ್ಕೇ ತನುಜ ತೋಟ ಬಿಡುವ ಮೊದಲು ಹಲ್ಲುಜ್ಜುವ ಹಳೆಯ ಬ್ರಷ್ಷಿನಲ್ಲಿ ಸಂದಿಗಳನ್ನೆಲ್ಲ ಕೆರೆಯುತ್ತಿದ್ದಳು. ಏರ್ ಫಿಲ್ಟರಿನ ಸ್ಪಾಂಜು ತೆಗೆದು ಒದರುತ್ತಿದ್ದಳು. ಆಯಿಲ್ ಕಡ್ಡಿ ಎಳೆದು ನೋಡಿ, ಸೆರಗಿಗೆ ಒರೆಸಿಕೊಂಡು, ಓಡಿಸಿಕೊಂಡು ಬಂದು ಈ ಕಲ್ಲಿನ ಹತ್ತಿರ ನಿಲ್ಲಿಸುತ್ತಿದ್ದಳು. ಅಲ್ಲಿಂದ ಮುಂದಕ್ಕೆ ಬಿಂದಿಗೆ. ಬಿಂದಿಗೆ ಮುಗಿದ ಮೇಲೆ ಅಮ್ಮಾಜಮ್ಮನ ಮಗ ಮೋಹನ್‌ಬಾಬು ಬಂದು ಒಳಗೆ ತಳ್ಳಿಕೊಂಡು ಹೋಗುತ್ತಿದ್ದ.

“ರೇಷ್ಮೆ ಹುಳಿನ್ ಮನೆ ಮಗ್ಗುಲಾಗೆ ನಿಲ್ಲೋ ಮಿಷಿನ್ನು ಕಣೇ,” ಅಮ್ಮಾಜಮ್ಮ ಬಿಂದಿಗೆ ಕೆಳಗಿಟ್ಟಳು. “ಮೂರನೇ ಜ್ವರ ಕಳ್ದು, ಪೊರೆ ಬಿಟ್ಟು ಎದ್ದವೆ ಹುಳ. ಹೆಚ್ಚುಕಮ್ಮಿ ಆದ್ರೆ ನಿಮ್ಮತ್ತೆ ಬಂದು ಗೂಡು ಕಟ್ಟಿಕೊಡ್ತಾಳಾ?”

“ಬೆಳಿಗ್ಗೆ ನಾನೇ ಬಿಡ್ಸಿದ ಸೊಪ್ಪು ಅವು ತಿಂತಿರಾದು. ಅದಕ್ಯಾಕೆ ನೀರು ಹುಯ್ಯಲ್ಲ ಅಮ್ಮೋರೆ?”

“ನೀರು ಬಿದ್ದ ಸೊಪ್ಪು ತಿಂದ್ರೆ ಹುಳ ಸಾಯ್ತವೆ. ಅಷ್ಟೂ ಗೊತ್ತಿಲ್ವಾ ನಿಂಗೆ?”

ಅಮ್ಮಾಜಮ್ಮ ನಿಜವಾಗಿಯೂ ಆಶ್ಚರ್ಯಪಟ್ಟಿದ್ದಳು.

*

ವೀಡರ್ ಅಮ್ಮಾಜಮ್ಮನ ಗಂಡ ಆವಲಪ್ಪನ ಸ್ವಂತದ್ದಲ್ಲ. ಊರಿನ ಸೊಪ್ಪು ಬೆಳೆಯುವವರೆಲ್ಲ ಸೇರಿ ಮಾಡಿಕೊಂಡ ಸಂಘದ್ದು, ರೇಷ್ಮೆ ಇಲಾಖೆಯ ಸಹಾಯಧನದಲ್ಲಿ ಬಂದದ್ದು. ಆವಲಪ್ಪ ಸಂಘಕ್ಕೆ ಅಧ್ಯಕ್ಷ, ಹಾಗಾಗಿ ಯಂತ್ರ ಅವನ ಮನೆಯ ಕೊಟ್ಟಿಗೆಯಲ್ಲಿ ನಿಲ್ಲುತ್ತಿತ್ತು. ತರಬೇತಿಗೆ ಒಬ್ಬ ಹೆಂಗಸೂ ಬೇಕು ಎಂದು ಇಲಾಖೆಯವರು ಹೇಳಿದಾಗ ಸಂಘದ ಮನೆಗಳ ಹೆಂಗಸರು ಯಾರೂ ಎಣ್ಣೆ ಮುಟ್ಟಲು ಒಪ್ಪದ್ದರಿಂದ ಊರ ಹೊರಗಿನ ಕೇರಿಯ ತನುಜಳನ್ನು ಕಳಿಸಿದ್ದರು. ಕೇರಿಯ ಗಂಡಸರೆಲ್ಲ ಊರು ಬಿಟ್ಟು ಹೊರಗೆ ದುಡಿಯುವವರು. ತನುಜಳ ಗಂಡ ಜಗನ್ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿದ್ದ, ವಾರದ ರಜೆಗೆ ಮಾತ್ರ ಮನೆಗೆ ಬರುತ್ತಿದ್ದ. ತರಬೇತಿಗೆಂದು ಹೋದವಳೇ ಓಡಿಸುವವಳೂ ಆದಳು. ಸಾದಲಿ ಕಡೆಯ ಆ ಊರಿನ ತೋಟಗಳಲ್ಲಿ ಅವಳ ಯಂತ್ರದ ಸದ್ದು ಕೇಳಿದರೆ ಆಳುಗಳು ಬದಿಗೆ ಸರಿದು ನಿಂತು ನೋಡುತ್ತಿದ್ದರು.

ಈಗಾಗಲೇ ಒಮ್ಮೆ ಇಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಬಿರುಕು ಬಿಟ್ಟು ಹೊಸದು ಹಾಕಿದ್ದಾಗಿತ್ತು. ಅದೂ ಬಿರುಕು ಬಿಟ್ಟಿತ್ತು. ಯಾಕೆ ಒಡೆಯುತ್ತಿದೆ ಎಂದು ಮೋಹನ್‌ಬಾಬು ಕೇಳಿರಲಿಲ್ಲ.

ಒಂದು ದಿನ ಸಾಲಿನ ನಡುವೆ ಇಂಜಿನ್ ಕೆಮ್ಮಿ ನಿಂತಿತು. ತನುಜ ಚೋಕ್ ಕೊಟ್ಟು ಹಗ್ಗ ಎಳೆದಳು. ಹಗ್ಗ ಕೈಗೆ ಭಾರವೇ ಇಲ್ಲದೆ ಸಲೀಸಾಗಿ ಬಂತು. ಒಳಗೆ ತಡೆಯುವುದೇನೂ ಉಳಿದಿರಲಿಲ್ಲ.

“ಏನ್ ಮಾಡ್ದೇ ಲೌಡಿ?” ಮೋಹನ್‌ಬಾಬು ಬದುವಿನ ಮೇಲಿಂದಲೇ ಕೂಗುತ್ತ ಬಂದ. “ಆಯಿಲ್ ಹಾಕ್ದೆ ಓಡ್ಸಿದ್ಯಾ? ಬೇವರ್ಸಿ ಕೈಗೆ ಕೊಟ್ರೆ ಇನ್ನೇನಾಯ್ತದೆ!”

ಅವಳು ಆಯಿಲ್ ಕಡ್ಡಿ ಎಳೆದು ಅವನ ಮೂಗಿನ ಮುಂದೆ ಹಿಡಿದಳು. ತುದಿಯಲ್ಲಿ ಜೇನಿನ ಬಣ್ಣದ ಎಣ್ಣೆ.

“ಮಖಕ್ಕೆ ಹಿಡೀತೀಯಾ? ಕೆಳಗಿಳ್ಸೇ ಅದನ್ನ.”

*

ಶಿಡ್ಲಘಟ್ಟದಲ್ಲಿ ಅಮೀರ್‌ಜಾನ್ ಎಂಬ ಮೆಕಾನಿಕ್ಕಿನ ಅಂಗಡಿ. ಗೂಡ್ಸ್ ಆಟೋದ ಹಿಂದೆ ಯಂತ್ರವನ್ನು ಹಿಡಿದುಕೊಂಡು ಕೂತು ಬರಲು ಒಬ್ಬರು ಬೇಕಿತ್ತು, ತನುಜ ಬಂದಿದ್ದಳು. ಮೋಹನ್‌ಬಾಬು ಬೈಕಿನಲ್ಲಿ ಬಂದಿದ್ದ.

ಅಮೀರ್‌ಜಾನ್ ಬೋಲ್ಟು ಬಿಚ್ಚಿ ಇಂಜಿನ್ನಿನ ಹೆಡ್ಡು ಎತ್ತಿ ಬಿಸಿಲಿಗೆ ಹಿಡಿದ. ಪ್ಲಗ್ಗು ಕೂರುವ ತೂತಿನಿಂದ ಕೂದಲೆಳೆಯಂಥ ಬಿರುಕು ಹೊರಟು ರೆಕ್ಕೆಗಳ ತನಕ ಹೋಗಿತ್ತು.

“ಕಾದಿರೋವಾಗ ತಣ್ಣೀರ್ ಹೊಡ್ದವ್ರೆ,” ಎಂದ. “ಒಂದ್ ದಿನದ್ ಅಲ್ಲ ಇದು. ದಿನಾ ಹೊಡ್ದವ್ರೆ. ಯಾರಪ್ಪಾ ಅಂಥ ದುಶ್ಮನ್?”

ಪಕ್ಕದ ಹೋಟೆಲಿನಲ್ಲಿ ಎಣ್ಣೆಗೆ ಏನೋ ಬಿದ್ದು ಸದ್ದಾಯಿತು. ಮೋಹನ್‌ಬಾಬು ಫೋನು ತೆಗೆದು ನೋಡತೊಡಗಿದ.

“ಇವ್ಳೇ ತೊಳೀತಾಳೆ ಸಾಬ್ರೆ,” ಎಂದ ಫೋನಿನಿಂದ ಕಣ್ಣೆತ್ತದೆ. “ಹೇಳಿದ್ರೆ ಕೇಳಲ್ಲ.”

ಅಮೀರ್‌ಜಾನ್ ರೆಕ್ಕೆಯ ಸಂದಿಗೆ ಉಗುರು ಹಾಕಿ ಕೆರೆದ. ಉಗುರಿಗೆ ಹಳದಿ ಅಂಟಿತು. ಮೂಸಿ ನೋಡಿದ.

“ಅರಿಶಿನ ಹಾಕಿ ತೊಳೀತೀಯೇನಮ್ಮಾ? ಮಿಷಿನ್‌ಗೇನ್ ಮದ್ವೆ ಮಾಡ್ತಿದ್ಯಾ?”

ತನುಜ ಮೋಹನ್‌ಬಾಬುವಿನ ಕಡೆ ನೋಡಿದಳು. ಅವನ ಕಿವಿ ಕೆಂಪಾಗಿತ್ತು.

“ಪೂಜೆ ಗೀಜೆ ಮಾಡಿರ್ತೀವಿ ಬಿಡ್ರಿ. ಆಗ್ತದಾ ಇಲ್ವಾ ಅದ್ ಹೇಳಿ.”

“ಹೊಸಾ ಹೆಡ್ ಹಾಕ್ಬೇಕು. ಹಾಕ್ಕೊಡ್ತೀನಿ. ನೀರ್ ಮಾತ್ರ ಬ್ಯಾಡ ತಾಯಿ, ಕಾದಾಗ ನೀರ್ ಮಾತ್ರ ಬ್ಯಾಡ.”

ಹೊರಗೆ ಬೈಕಿನ ಹತ್ತಿರ ಮೋಹನ್‌ಬಾಬು ಅವಳನ್ನು ತಡೆದ. ಈಗ ದನಿ ಸಣ್ಣದಾಗಿತ್ತು.

“ನೋಡು, ಸಂಘದೋರೆಲ್ಲ ಕೇಳ್ತಾರೆ ಯಾರು ಹಾಳ್ ಮಾಡಿದ್ದು ಅಂತ. ಇಲಾಖೆ ಸಾಹೇಬ್ರೂ ಬತ್ತಾರೆ. ನಾನೇ ತೊಳ್ದೆ, ಗೊತ್ತಾಗ್ಲಿಲ್ಲ ಅಂದ್ಬಿಡು. ಯಾರೂ ಏನೂ ಅನ್ನಲ್ಲ. ಮಿಷಿನ್ನೂ ನೀನೇ ಓಡ್ಸು.”

“ಅಮ್ಮೋರು ಹುಯ್ದಿದ್ದು ನಿಮಗೆ ಗೊತ್ತಿಲ್ವಾ ಮೋಹನಣ್ಣ?”

“ಗೊತ್ತಿರೋದೆಲ್ಲ ಹೇಳಕ್ಕಾಯ್ತದೇನೇ?” ಅವನು ಬೈಕಿಗೆ ಕಿಕ್ ಹೊಡೆದ. “ಕೆರೆ ಹಿಂದ್ಲ ಬದಿನಾಗೆ ದಿನಾ ಹುಲ್ಲು ಕುಯ್ತೀರಲ್ಲ ನಿಮ್ ಕೇರಿಯೋರು, ಅದು ಯಾರ ಬದು ಅಂತ ನೆಪ್ಪೈತಾ? ಹುಲ್ಲಿಗೆ ಮದ್ದು ಹೊಡ್ಯಕ್ಕೆ ನಂಗೆ ಅರ್ಧ ದಿನ ಸಾಕು. ಅಷ್ಟು ನೆಪ್ಪಿಟ್ಕೊ.”

*

ಕೇರಿಯಲ್ಲಿ ಮನೆಗೊಂದು ಹಸು. ಡೈರಿಗೆ ಹಾಲು ಹಾಕಿಯೇ ಒಲೆ ಉರಿಯಬೇಕು. ಹಸುಗಳ ಹೊಟ್ಟೆ ತುಂಬುತ್ತಿದ್ದದ್ದು ಕೆರೆ ಹಿಂದಿನ ಬದುಗಳ ಹುಲ್ಲಿನಿಂದ. ಕೇರಿಗೆ ಹುಲ್ಲು ಬೆಳೆಯುವ ಅಂಗೈಯಗಲ ನೆಲವೂ ಇರಲಿಲ್ಲ.

ತನುಜಳ ಅತ್ತೆ ಅಶ್ವತ್ಥಮ್ಮ ಹಸುವಿನ ಹೊಟ್ಟೆಯ ಮೇಲೆ ಕೈಯಾಡಿಸುತ್ತ ಕೂತಿದ್ದಳು. ಹಸು ಗಬ್ಬವಾಗಿತ್ತು.

“ಒಂದ್ ಮಾತು. ನಾನೇ ತೊಳ್ದೆ ಅನ್ನಾದು. ನಾಲ್ಗೆ ಸವೀತದಾ?”

“ಅತ್ತೆ, ನಾನು ತೊಳ್ದಿಲ್ಲ.”

“ನೀನು ತೊಳ್ದಿಲ್ಲ ಅಂತ ಊರಿಗೆಲ್ಲ ಗೊತ್ತು ಕಣಮ್ಮ! ನಾಯಿಗೂ ಗೊತ್ತು. ಗೊತ್ತಿರಾದಕ್ಕೇ ಕೇಳ್ತಾ ಇರಾದು ಅವ್ರು.”

“ಆಮೇಲೆ ಹೊಸಾ ಹೆಡ್ಡಿಗೂ ಹುಯ್ತಾಳೆ. ಅದೂ ಸೀಳ್ತದೆ. ಆಗ್ಲೂ ನಾನೇ ಅನ್ಲಾ?”

“ಅನ್ನು. ಅದಕ್ಕೇನು?” ಅಶ್ವತ್ಥಮ್ಮನ ದನಿ ಏರಿತು. “ಚಿಂತಾಮಣೀಲಿ ನಿಮ್ಮಪ್ಪನ ಮನೇಲಿ ಸುಳ್ಳು ಹೇಳಲ್ಲ ಅಂತ ಬುದ್ಧನ ಮುಂದೆ ಕೈ ಮುಗ್ದು ಹೇಳ್ತಾರಂತಲ್ಲ, ತಂದು ಹಾಕು ಅದನ್ನ ಈ ಹಸದ ಮುಂದೆ. ತಿಂತದಾ ನೋಡಣ!”

ಬಾಗಿಲಲ್ಲಿ ಕೇರಿಯ ಹೆಂಗಸರು ನಿಂತಿದ್ದರು. ಪಕ್ಕದ ಮನೆಯ ಶ್ಯಾಮಲಮ್ಮ ನಗಲು ಹೋಗಿ ಸುಮ್ಮನಾದಳು. ಹಸು ಖಾಲಿ ಬಾನಿಯನ್ನು ನೆಕ್ಕಿ ಸದ್ದು ಮಾಡಿತು.

ತನುಜ ಏನೂ ಹೇಳಲಿಲ್ಲ. ಹೇಳದೆ ಇದ್ದದ್ದನ್ನು ಅಶ್ವತ್ಥಮ್ಮ ಒಪ್ಪಿಗೆ ಎಂದುಕೊಂಡಳು. ಹೆಂಗಸರೂ ಹಾಗೇ ಅಂದುಕೊಂಡು ಮನೆಗಳಿಗೆ ಹೋದರು.

*

ಯಂತ್ರ ರಿಪೇರಿಯಾಗಿ ಬಂದ ದಿನ ಬೆಳಿಗ್ಗೆ, ಹಾಲು ಹಾಕುವುದು ಮುಗಿದ ಮೇಲೆ, ಡೈರಿಯ ಮುಂದೆ ಸಂಘದವರು ಸೇರಿದರು. ಇಲಾಖೆಯ ಸಾಹೇಬನಿಗೆ ಪ್ಲಾಸ್ಟಿಕ್ ಕುರ್ಚಿ. ಆವಲಪ್ಪನಿಗೂ ಒಂದು. ಉಳಿದವರು ಕಟ್ಟೆಯ ಮೇಲೆ. ಕೇರಿಯ ಹೆಂಗಸರು ಹಾಲಿನ ಕ್ಯಾನು ಹಿಡಿದು ರಸ್ತೆಯ ಆ ಬದಿಯಲ್ಲಿ. ಗೂಡ್ಸ್ ಆಟೋದಿಂದ ಇಳಿಸಿದ ವೀಡರ್ ನಡುವೆ ನಿಂತಿತ್ತು, ಹೊಸ ಹೆಡ್ಡು ಬೆಳ್ಳಗೆ ಹೊಳೆಯುತ್ತಿತ್ತು.

“ಲೇಡೀಸ್ ಕೈಗೆ ಯಾಕ್ರೀ ಕೊಟ್ರಿ ಇದನ್ನ?” ಸಾಹೇಬ ಬಿಸ್ಕತ್ತು ಕಡಿಯುತ್ತ ಕೇಳಿದ. “ಟ್ರೈನಿಂಗ್ ಅಂದ್ರೆ ಫೋಟೋಕ್ಕೆ ಅಷ್ಟೇ ಕಣ್ರೀ.”

ಕಟ್ಟೆ ನಕ್ಕಿತು. ಆವಲಪ್ಪನೂ ನಕ್ಕ.

“ಪಾಪ, ಬಡೋರು ಬದುಕ್ಲಿ ಅಂತ ಕೊಟ್ವಿ ಸಾರ್. ಬಿಸಿ ಮಿಷಿನ್ನಿಗೆ ನೀರು ಹುಯ್ದು ತೊಳ್ದವ್ಳೆ. ಗೊತ್ತಿಲ್ದೆ ಮಾಡಿದ್ದು. ಒಪ್ಕಂಡು ಹೋಗ್ಲಿ, ನಮ್ದೇನೂ ಇಲ್ಲ. ಏನಮ್ಮಾ ತನುಜ?”

ತನುಜ ಯಂತ್ರದ ಹತ್ತಿರ ಬಂದು ನಿಂತಳು. ಬೆನ್ನ ಹಿಂದೆ ಅತ್ತೆಯ ಉಸಿರು ಕೇಳುತ್ತಿದೆ ಅನ್ನಿಸಿತು, ಅತ್ತೆ ನಿಂತಿದ್ದದ್ದು ರಸ್ತೆಯ ಆಚೆಗಾದರೂ.

“ನೀರು ಹುಯ್ದಿದ್ದು ನಿಜ ಸಾರ್. ಹುಯ್ದೋಳು ನಾನಲ್ಲ. ಅಮ್ಮಾಜಮ್ಮೋರು. ದಿನಾ.”

ಕಟ್ಟೆಯ ಮೇಲೆ ಯಾರೋ ಕೆಮ್ಮಿದರು.

“ಅವ್ರು ಯಾಕಮ್ಮ ಹುಯ್ತಾರೆ?” ಎಂದ ಸಾಹೇಬ. ಕೇಳಿದ ಮೇಲೆ ಅವನಿಗೇ ಅರ್ಥವಾಗಿ, ಅರ್ಧ ಬಿಸ್ಕತ್ತು ತಟ್ಟೆಗೆ ಇಟ್ಟ. “ಬಿಡಿ, ಬಿಡಿ. ಅದೆಲ್ಲ ಈಗ್ಯಾಕೆ? ರಿಪೇರಿ ಆಯ್ತಲ್ಲ.”

“ಯಾಕೆ ಅಂತ ಯಜಮಾನ್ರು ಹೇಳ್ಲಿ ಸಾರ್.”

“ಸುಳ್ಳು!” ಆವಲಪ್ಪ ಕುರ್ಚಿಯಿಂದ ಎದ್ದ. “ಕೇರಿಯೋಳು ಮುಟ್ಟಿದ್ಲು ಅಂತ ನೀರು ಹುಯ್ಯೋ ಮನೇನಾ ನಮ್ದು? ಯಾವ ಕಾಲ್ದಾಗಿದ್ದೀವಿ ನಾವು? ಅಂಥದ್ದೇನೂ ಇಲ್ಲ ಸಾರ್ ನಮ್ಮನೇಲಿ. ಯಾರು ಬೇಕಾದ್ರೂ ಬರ್ಬೋದು, ಹೋಗ್ಬೋದು. ಕೇಳಿ ಬೇಕಾದ್ರೆ ಇವರ್ನೆಲ್ಲ.”

ಕಟ್ಟೆ ತಲೆಯಾಡಿಸಿತು.

“ಹಂಗಾದ್ರೆ ಆಯ್ತು,” ಎಂದಳು ತನುಜ. “ಇವತ್ತಿಂದ ಮಿಷಿನ್ನು ನಾನೇ ಒಳಗೆ ತಂದು ನಿಲ್ಲಿಸ್ತೀನಿ. ಹುಳಿನ್ ಮನೆ ಪಕ್ಕದ ಕೊಟ್ಟಿಗೆಗಂಟ. ನೀವೂ ಬನ್ನಿ ಸಾರ್, ನೋಡ್ಕಂಡು ಹೋಗೀರಂತೆ.”

ಆವಲಪ್ಪನ ಬಾಯಿ ತೆರೆಯಿತು. ಎಲ್ಲವನ್ನೂ ಈಗಷ್ಟೇ ಹೇಳಿ ಮುಗಿಸಿದ್ದ.

ಅವಳು ಪೆಟ್ರೋಲಿನ ನಲ್ಲಿ ತಿರುಗಿಸಿದಳು, ಚೋಕ್ ಎಳೆದಳು, ಒಂದು ಕಾಲು ಹಿಂದಿಟ್ಟು ಹಗ್ಗ ಸೆಳೆದಳು. ಇಂಜಿನ್ ಮೊದಲ ಎಳೆತಕ್ಕೆ ಹಿಡಿಯಲಿಲ್ಲ. ಮತ್ತೆ ಸೆಳೆದಳು. ಹಿಡಿಯಲಿಲ್ಲ. ಕಟ್ಟೆಯ ಮೇಲೆ ಒಬ್ಬ, “ಅದೂ ನಿನ್ ಮಾತು ಕೇಳ್ತಾ ಇಲ್ವಲ್ಲಮ್ಮಿ,” ಎಂದ. ತನುಜ ಬೆವರಿದ ಅಂಗೈಯನ್ನು ಸೀರೆಗೆ ಒರೆಸಿ ಮತ್ತೆ ಸೆಳೆದಳು. ಧಡಧಡ ಎಂದು ಡೈರಿಯ ತಗಡಿನ ಮಾಡು ಅದುರಿತು.

ಊರ ಬೀದಿಯಲ್ಲಿ ಯಂತ್ರ ಹೋಯಿತು. ಹಿಂದೆ ಸಾಹೇಬ, ಆವಲಪ್ಪ, ಕಟ್ಟೆಯವರು. ಆಮೇಲೆ, ದೂರ ಬಿಟ್ಟು, ಕ್ಯಾನು ಹಿಡಿದ ಹೆಂಗಸರು. ಮೋಹನ್‌ಬಾಬು ಎಲ್ಲೂ ಕಾಣಲಿಲ್ಲ.

ಸದ್ದು ಕೇಳಿ ಅಮ್ಮಾಜಮ್ಮ ಹೊರಬಂದಳು. ಗಾಲಿ ಕಲ್ಲು ಹತ್ತಿತು, ಇಳಿಯಿತು. ಅವಳು ಮಾತಾಡಲು ಕೈಯೆತ್ತಿದವಳು ಸಾಹೇಬನನ್ನು ಕಂಡಳು, ಗಂಡನ ಕಣ್ಣು ಕಂಡಳು. ಎತ್ತಿದ ಕೈಯಿಂದ ತಲೆಯ ಸೆರಗು ಸರಿ ಮಾಡಿಕೊಂಡಳು. ತನುಜ ಅವಳ ಪಕ್ಕದಿಂದಲೇ ಹೋದಳು. ಅಂಗಳ, ಅಡುಗೆಮನೆಯ ಕಿಟಕಿ, ಹುಳಿನ ಮನೆಯ ಸೊಳ್ಳೆಪರದೆಯ ಬಾಗಿಲು. ಪರದೆಯ ಆಚೆ ಸಾವಿರಾರು ಹುಳ ಸೊಪ್ಪು ತಿನ್ನುವ ಸದ್ದು, ಮಳೆ ಹನಿಯುವ ಹಾಗೆ. ಅವಳು ಬಿಡಿಸಿದ ಸೊಪ್ಪನ್ನು ಅವು ತಿನ್ನುವುದನ್ನು ಅವಳು ಇಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು.

ಕೊಟ್ಟಿಗೆಯಲ್ಲಿ ನಿಲ್ಲಿಸಿ ಇಂಜಿನ್ ಆರಿಸಿದಳು. ಪಕ್ಕದಲ್ಲೇ ನೆಲದ ಮೇಲೆ ಕೂತಳು.

“ಇನ್ನೇನೇ?” ಆವಲಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ. “ಬಂದ್ಯಲ್ಲ. ಎದ್ದು ತೊಲಗು.”

“ಕಾದೈತೆ ಯಜಮಾನ್ರೆ. ಆರೋಗಂಟ ಇಲ್ಲೇ ಇರ್ತೀನಿ. ಆಮೇಲೆ ಗೋಣಿ ಮುಚ್ಚಿ ಹೋಗ್ತೀನಿ.”

ಸಾಹೇಬ ಗಡಿಯಾರ ನೋಡಿಕೊಂಡು, ಮೀಟಿಂಗಿದೆ ಎಂದು ಹೊರಟ. ಅವನ ಜೀಪಿನ ಸದ್ದು ತಿರುವಿನಲ್ಲಿ ಅಡಗಿದ ಕೂಡಲೇ ಇನ್ನೊಂದು ಸದ್ದು ಕೇಳಿಸಿತು. ಕೆರೆಯ ಕಡೆಯಿಂದ. ಕೀರಲು ದನಿಯ ಸಣ್ಣ ಇಂಜಿನ್, ಏರುತ್ತ, ಇಳಿಯುತ್ತ, ಮತ್ತೆ ಏರುತ್ತ. ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇಯರ್.

ಗೇಟಿನ ಹೊರಗೆ ಕ್ಯಾನುಗಳು ನೆಲಕ್ಕೆ ಬಿದ್ದ ಸದ್ದು. ಹೆಂಗಸರು ಓಡಿದರು.

*

ತನುಜ ಹೋಗಿ ಮುಟ್ಟುವ ಹೊತ್ತಿಗೆ ಮೋಹನ್‌ಬಾಬು ಎರಡು ಬದು ಮುಗಿಸಿದ್ದ. ಹುಲ್ಲಿನ ಮೇಲೆ ಮದ್ದು ಮಂಜಿನಂತೆ ಕೂತು ಹೊಳೆಯುತ್ತಿತ್ತು. ಬಾಯಿಗೆ ಕಹಿ ಅಂಟುವ ವಾಸನೆ. ಮೂರನೆಯ ಬದುವಿನ ಮೇಲೆ, ಅವನ ಮುಂದೆ, ಕೇರಿಯ ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಮನೆಯಿಂದ ತಂದ ಕುಡುಗೋಲು ಆಡಿಸುತ್ತಿದ್ದರು. ಮದ್ದು ತಗುಲದ ಹುಲ್ಲನ್ನು ಸಿಕ್ಕಷ್ಟು ಕೊಯ್ದು ಹಿಂದಕ್ಕೆ ಎಸೆಯುತ್ತಿದ್ದರು.

ಸಾಲಿನ ಕೊನೆಯಲ್ಲಿ, ಅವನಿಗೆ ಎಲ್ಲರಿಗಿಂತ ಹತ್ತಿರ, ಅಶ್ವತ್ಥಮ್ಮ.

“ಏಳೇ ಮುದ್ಕಿ. ಮೈಮೇಲೆ ಬಿದ್ರೆ ಸುಡ್ತದೆ.”

ಅಶ್ವತ್ಥಮ್ಮ ಏಳಲಿಲ್ಲ. ಹುಲ್ಲಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು. ಬದು ಒಂದಾಳಿನಷ್ಟೇ ಅಗಲ. ಒಂದು ಕಡೆ ರಾಗಿ, ಇನ್ನೊಂದು ಕಡೆ ಕಾಲುವೆಯ ಗುಂಡಿ.

“ಸುಡ್ಲಿ. ಹೊಡ್ಯೋ! ನಿಮ್ಮವ್ವ ನೀರು ಹುಯ್ದ್ಲು, ನೀನು ಮದ್ದು ಹುಯ್ಯಿ. ಬಾರೋ ನನ್ ಮಗನೇ, ಹೊಡಿ ಮಖಕ್ಕೆ!”

“ನಿನ್ ಸೊಸೆಗೆ ಬುದ್ಧಿ ಹೇಳ್ಬೇಕಿತ್ತು ನೀನು.”

“ಹೇಳ್ದೆ. ನಿನ್ನೆಗಂಟ ಹೇಳ್ದೆ.” ಅವಳು ಪಕ್ಕದ ಹುಲ್ಲಿನ ಬುಡ ಹಿಡಿದು ಕುಡುಗೋಲು ಎಳೆದಳು. “ಮದ್ದು ನೀನು ನಿನ್ನೇನೇ ಕಲಸಿಟ್ಟಿದ್ಯಂತಲ್ಲೋ. ಹೂಂ ಅಂದ್ರೂ ಹೊಡೀತಿದ್ದೆ, ಊಹೂಂ ಅಂದ್ರೂ ಹೊಡೀತಿದ್ದೆ. ಇಷ್ಟು ದಿನ ಸುಮ್ನೆ ಹೂಂ ಅಂದೆ ನಾನು.”

ಮೋಹನ್‌ಬಾಬು ಹಿಂದೆ ತಿರುಗಿದ. ಬದುವಿನ ಆ ತುದಿಯಲ್ಲಿ ತನುಜ ನಿಂತಿದ್ದಳು. ಅವಳ ಹಿಂದೆ ಶ್ಯಾಮಲಮ್ಮ, ಅವಳ ಹಿಂದೆ ಇನ್ನೂ ಇಬ್ಬರು. ಅವನು ಮತ್ತೆ ಮುಂದಕ್ಕೆ ತಿರುಗಿದ. ಬೆನ್ನ ಮೇಲಿನ ಇಂಜಿನ್ ಕೂಗುತ್ತಲೇ ಇತ್ತು. ಬಿಸಿ ಅಂಗಿಯನ್ನು ದಾಟಿ ಚರ್ಮಕ್ಕೆ ಬಂದಿರಬೇಕು, ಒಂದೇ ಸಮನೆ ಹೆಗಲು ಕೊಡವುತ್ತಿದ್ದ. ಕೆಳಗಿಳಿಸಲು ಅವನಿಗೆ ಅಲ್ಲಿ ಜಾಗವಿರಲಿಲ್ಲ.

ಅವನ ಬೆರಳು ಸ್ಪ್ರೇಯರಿನ ಒತ್ತುಗುಂಡಿಯ ಮೇಲೆ ಇತ್ತು. ಕೊಳವೆಯ ತುದಿಯಲ್ಲಿ ಮದ್ದಿನ ಒಂದು ಹನಿ ದಪ್ಪಗಾಗುತ್ತ, ಅಶ್ವತ್ಥಮ್ಮನ ತೆರೆದ ಮುಂಗೈಯ ನೇರಕ್ಕೆ ತೂಗುತ್ತಿತ್ತು. ಅವಳು ತಲೆಯೆತ್ತಿ ನೋಡಲಿಲ್ಲ. ಕುಡುಗೋಲು ಮುಂದಿನ ಬುಡಕ್ಕೆ ಹೋಯಿತು.